ರೆಕ್ಕೆಯೊಳಗಿನ ನೀರು

ಮೇಸ್ತ್ರಿಯ ಬಾಳನ್ನು ಮುಗಿಸಿದ್ದು ಒಂದು ಪುಟ್ಟ ವಾಕ್ಯ. "ಇದು ಮೊದಲನೇ ಸಲವೇನಲ್ಲ." ಹೇಳಿದವನು ಸ್ವಂತ ಅಕ್ಕನ ಗಂಡ. ಹೇಳಿದ್ದು ವಿಚಾರಣೆಯ ಕೋಣೆಯಲ್ಲಿ, ಮೂವರು ಅಧಿಕಾರಿಗಳ ಎದುರು, ಆಗಷ್ಟೇ ಪ್ರಮಾಣ ಮಾಡಿದ ಬಾಯಿಂದ. ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಮೇಸ್ತ್ರಿಗೆ ಅದು ಯಾರ ಬಗ್ಗೆ ಆಡಿದ ಮಾತೆಂದು ಒಂದು ಕ್ಷಣ ಹೊಳೆಯಲೇ ಇಲ್ಲ.

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ. ಊರಾಚೆಯ ವಿಮಾನ ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್. ಅಲ್ಲಿದ್ದವು ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನಗಳು. ದೊಡ್ಡ ವಿಮಾನ ಹಾರಿಸುವವರು ಕಂಡರೆ ಮುಸಿಮುಸಿ ನಗುವಂಥವು. ಆದರೂ ಅವು ನೆಲ ಬಿಡಬೇಕಾದರೆ ದಿನಾ ಬೆಳಿಗ್ಗೆ ಒಬ್ಬ ಮೆಕ್ಯಾನಿಕ್ ಅವನ್ನು ಮೂಗಿನಿಂದ ಬಾಲದವರೆಗೆ ನೋಡಿ, ತಪಾಸಣೆಯ ಹಾಳೆಯ ಮೇಲೆ ಸಹಿ ಹಾಕಬೇಕು. ಆ ಸಹಿ ಹಾಕುವ ಅಧಿಕಾರ ಮೇಸ್ತ್ರಿಯದಾಗಿತ್ತು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ವಿಮಾನ ನಿಲ್ಲಿಸುವ ಹ್ಯಾಂಗರಿನ ಹಿಂದೆ ಒಂದು ಕೋಣೆ, ಒಂದು ಮಂಚ, ಒಂದು ರೇಡಿಯೊ. ಉಳಿದಂತೆ ಆ ಸಹಿಯೇ ಅವನ ಸಂಸಾರ.

ಹಿಂದಿನ ಬೇಸಿಗೆಯಲ್ಲಿ ನಡೆದದ್ದು ಇಷ್ಟೇ. ವಿಮಾನದ ಎರಡು ರೆಕ್ಕೆಯಲ್ಲಿ ಎರಡು ಪೆಟ್ರೋಲ್ ಟ್ಯಾಂಕ್; ಯಾವುದರಿಂದ ಎಂಜಿನ್ನಿಗೆ ಪೆಟ್ರೋಲ್ ಹೋಗಬೇಕೆಂದು ಪೈಲಟ್ಟಿನ ಮೊಣಕಾಲ ಬಳಿಯ ಒಂದು ಹಿಡಿ ತಿರುಗಿಸಿ ಹೇಳಬೇಕು. ಪೈಲಟ್ ಆಗಿದ್ದ ಭಾವ ಆ ದಿನ ಹಿಡಿ ತಿರುಗಿಸಲು ಮರೆತ. ಎಡ ಟ್ಯಾಂಕ್ ಬರಿದಾಯಿತು, ಬಲ ಟ್ಯಾಂಕ್ ತುಂಬಿ ತುಳುಕುತ್ತಿದ್ದಂತೆಯೇ ಎಂಜಿನ್ ನಿಂತಿತು. ಹೇಗೋ ಬಯಲಿಗೆ ಇಳಿಸಿದ, ಒಂದು ಚಕ್ರ ಮುರಿಯಿತು. ಜೀಪಿನಲ್ಲಿ ಮೊದಲು ಓಡಿಬಂದವನು ಮೇಸ್ತ್ರಿ. ಅವನು ಬಾಗಿಲು ತೆಗೆದಾಗ ಭಾವನ ಕೈ ಇನ್ನೂ ಆ ಹಿಡಿಯ ಮೇಲಿತ್ತು, ಅದನ್ನು ಬಲಕ್ಕೆ ತಿರುಗಿಸುತ್ತಿತ್ತು. ನೋಡಿದ್ದು ನಾಲ್ಕೇ ಕಣ್ಣು.

ಆ ಸಂಜೆ ಗಂಡ ಹೆಂಡತಿ ಇಬ್ಬರೂ ಅವನ ಕೋಣೆಗೆ ಬಂದರು. ಅಕ್ಕ ಮಂಚದ ಅಂಚಿಗೆ ಕೂತಳು.

"ಪೆಟ್ರೋಲ್ ಪೈಪಿನ ನಟ್ಟು ಸ್ವಲ್ಪ ಸಡಿಲ ಆಗಿದ್ದಿರಬಹುದು ಅಂತ ಒಂದು ಮಾತು ಹೇಳಿಬಿಡೋ. ನಿನಗೆ ಎಚ್ಚರಿಕೆ ಪತ್ರ ಕೊಡ್ತಾರೆ, ಅಷ್ಟೇ ತಾನೆ? ಇವರಿಗಾದ್ರೆ ಲೈಸೆನ್ಸೇ ಹೋಗತ್ತೆ."

ಭಾವ ಅವನ ಹೆಗಲ ಮೇಲೆ ಕೈ ಹಾಕಿದ. "ನಿನ್ನ ಕೈ ಬಿಡ್ತೀನೇನೋ? ನಾನಿಲ್ವಾ?"

ಅಕ್ಕನೇ ಎತ್ತಿ ಆಡಿಸಿ ಬೆಳೆಸಿದವಳು. ಮೇಸ್ತ್ರಿ ಇಲ್ಲವೆನ್ನಲಿಲ್ಲ. ವಿಚಾರಣೆಯ ಕೋಣೆಯಲ್ಲಿ ತಲೆ ತಗ್ಗಿಸಿ "ಇದ್ದಿರಬಹುದು" ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕನ್ನಡಕದ ಅಧಿಕಾರಿ ಭಾವನ ಕಡೆ ತಿರುಗಿ, ಈ ಮೆಕ್ಯಾನಿಕ್ಕನ ಕೆಲಸ ಸಾಮಾನ್ಯವಾಗಿ ಹೇಗೆ ಎಂದು ಕೇಳಿದ. ಒಂದೇ ಒಂದು ಒಳ್ಳೆಯ ಮಾತು ಸಾಕಿತ್ತು. ಭಾವ ಗಂಟಲು ಸರಿಮಾಡಿಕೊಂಡು ಆ ವಾಕ್ಯ ಹೇಳಿದ. ಅದರ ಬೆನ್ನಿಗೇ ಇನ್ನೊಂದನ್ನೂ ಸೇರಿಸಿದ: "ಅದಕ್ಕೇ ನೋಡಿ, ನಾನು ಯಾರನ್ನೂ ನಂಬೋದಿಲ್ಲ. ಪ್ರತಿ ಸಲ ಹಾರೋ ಮುಂಚೆ ಎರಡೂ ಟ್ಯಾಂಕಿಂದ ಪೆಟ್ರೋಲ್ ಇಳಿಸಿ ನಾನೇ ನೋಡ್ತೀನಿ, ಮುಚ್ಚಳ ನಾನೇ ಮುಟ್ಟಿ ನೋಡ್ತೀನಿ. ಪ್ರಮಾಣ ಮಾಡಿ ಹೇಳ್ತೀನಿ."

ಹೀಗೆ ತನ್ನ ತಪ್ಪಿನ ಗೂಬೆಯನ್ನು ಮೈದುನನ ತಲೆಯ ಮೇಲೆ ಕೂರಿಸಿ, ಭಾವ ಹಗುರಾಗಿ ಎದ್ದು ಹೋದ. ಮೇಸ್ತ್ರಿಯ ಸಹಿಯ ಅಧಿಕಾರ ರದ್ದಾಯಿತು. ಹಳಬನೆಂಬ ಕನಿಕರಕ್ಕೆ ಕ್ಲಬ್ಬಿನವರು ಕೆಲಸದಿಂದ ತೆಗೆಯಲಿಲ್ಲ. ಗುಡಿಸುವುದು, ವಿಮಾನ ಒರೆಸುವುದು, ಸಾಮಾನು ಎತ್ತಿಡುವುದು ಅವನ ಪಾಲಿಗೆ ಬಂತು. ಅವನೇ ಕೈಹಿಡಿದು ಕೆಲಸ ಕಲಿಸಿದ ಹೆಣ್ಣುಮಗಳು, ಅವನ ಶಿಷ್ಯೆ, ಅವನ ಜಾಗದಲ್ಲಿ ಸಹಿ ಹಾಕತೊಡಗಿದಳು. ಸಹಿ ಹಾಕುವಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ.

ಇದನ್ನೂ ನುಂಗಿಕೊಳ್ಳುತ್ತಿದ್ದನೇನೋ. ನುಂಗಲಾಗದ್ದು ಅಕ್ಕನ ಮಾತು. ಎರಡು ತಿಂಗಳ ಮೇಲೆ ಒಮ್ಮೆ ಸಿಕ್ಕಾಗ ಅವಳು ನಿಟ್ಟುಸಿರು ಬಿಟ್ಟು, "ಸ್ವಲ್ಪ ಜಾಗ್ರತೆಯಾಗಿ ಕೆಲಸ ಮಾಡು ಅಂತ ಇವರು ಹೇಳ್ತಾನೇ ಇದ್ರಲ್ಲೋ ನಿನಗೆ" ಎಂದಳು. ತಮಾಷೆಯಲ್ಲ, ನಾಟಕವಲ್ಲ. ತಾನೇ ಹೇಳಿಕೊಟ್ಟ ಸುಳ್ಳನ್ನು ಅವಳು ಅಷ್ಟರಲ್ಲಿ ನಂಬಿಬಿಟ್ಟಿದ್ದಳು. ಮೇಸ್ತ್ರಿ ಆ ದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತ. ಐವತ್ತೆರಡು ವರ್ಷದ ಗಂಡಸು, ಗ್ರೀಸು ಮೆತ್ತಿದ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ದಾರಿ ತೋರಿಸಿದ್ದು ತಪಾಸಣೆಯ ಹಾಳೆ. ಒಂದು ದಿನ ಅದರ ಮೇಲೆ ಶಿಷ್ಯೆ ತನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿದ್ದಳು: ಎಡ ಟ್ಯಾಂಕಿನ ಮುಚ್ಚಳದ ರಬ್ಬರು ಸವೆದಿದೆ, ಜೋರು ಮಳೆಯಲ್ಲಿ ನೀರು ಇಳಿಯಬಹುದು, ಬದಲಿಸಬೇಕು. ಕೆಳಗೆ ಭಾವ ಗೀಚಿದ್ದ: ಆಮೇಲೆ ನೋಡೋಣ. ಜೊತೆಗೆ ಅಂಕುಡೊಂಕಾಗಿ ಒಂದು ಸಹಿ. ಮೇಸ್ತ್ರಿ ಆ ಹಾಳೆಯನ್ನು ಮೂರು ಸಲ ಓದಿ, ಇದ್ದ ಜಾಗದಲ್ಲೇ ಇಟ್ಟ.

ಪೆಟ್ರೋಲಿನೊಳಗೆ ನೀರು ಸೇರಿದರೆ ಅದು ಬೆರೆಯುವುದಿಲ್ಲ, ತಳಕ್ಕಿಳಿದು ಕೂರುತ್ತದೆ. ಅದಕ್ಕೆಂದೇ ಟ್ಯಾಂಕಿನ ತಳದಲ್ಲಿ ಒಂದು ಪುಟ್ಟ ನಲ್ಲಿ ಇರುತ್ತದೆ. ಗಾಜಿನ ಬಟ್ಟಲು ಒತ್ತಿ ಒಂದಿಷ್ಟು ಇಳಿಸಿ ಬೆಳಕಿಗೆ ಹಿಡಿದರೆ ನೀರಿದ್ದದ್ದು ಕಣ್ಣಿಗೆ ಕಾಣುತ್ತದೆ. ಅರ್ಧ ನಿಮಿಷದ ಕೆಲಸ. ನೋಡದೆ ಹಾರಿದರೆ, ನೆಲದ ಮೇಲೆ ಎಲ್ಲ ಸರಿಯಿದ್ದಂತೆಯೇ ಇದ್ದು, ಮೂಗೆತ್ತಿ ಏರುವ ಹೊತ್ತಿಗೆ ಎಂಜಿನ್ ಸೊರಗುತ್ತದೆ. ಪೈಲಟ್ಟಿನ ಪಾಠದ ಮೊದಲ ವಾರದಲ್ಲೇ ಹೇಳಿಕೊಡುವ ಸಂಗತಿ ಇದು.

ಭಾವ ಆ ಬಟ್ಟಲು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಮುಟ್ಟಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಅವನ ಪಾಲಿನ ತಪಾಸಣೆಯನ್ನೂ ಮೈದುನನೇ ಮಾಡಿಡುತ್ತಿದ್ದ. ಮೇಸ್ತ್ರಿಗೆ ಖುಷಿ ಕೊಟ್ಟದ್ದು ಲೆಕ್ಕಾಚಾರದ ಈ ಭಾಗ. ಭಾವ ಪ್ರಮಾಣ ಮಾಡಿ ಹೇಳಿದ ಮಾತು ನಿಜವಾಗಿದ್ದರೆ ಅವನಿಗೆ ಕೂದಲೂ ಕೊಂಕುವುದಿಲ್ಲ. ಬಟ್ಟಲಲ್ಲಿ ನೀರು ಕಾಣುತ್ತದೆ, ಹಾರಾಟ ನಿಲ್ಲುತ್ತದೆ, ಮೇಸ್ತ್ರಿ ಬಕೆಟ್ ಎತ್ತಿಕೊಂಡು ಸುಮ್ಮನೆ ಹೋಗುತ್ತಾನೆ. ಮಾತು ಸುಳ್ಳಾಗಿದ್ದರೆ ಮಾತ್ರ ವಿಮಾನ ಬೀಳುತ್ತದೆ. ಇದರಲ್ಲಿ ತನ್ನದೇನಿದೆ ತಪ್ಪು? ಹೀಗೆಂದು ಅವನು ತನ್ನನ್ನು ತಾನೇ ಕೇಳಿಕೊಂಡು, ತನಗೆ ಬೇಕಾದ ಉತ್ತರವನ್ನೇ ಹೇಳಿಕೊಂಡ.

ಯಾರೂ ಸಾಯಬೇಕಾಗಿಯೂ ಇರಲಿಲ್ಲ. ರನ್‌ವೇ ಮುಗಿದ ಮೇಲೆ ಮೈಲುಗಟ್ಟಲೆ ಸಮತಟ್ಟು ಬಯಲು. ಎಂಜಿನ್ ನಿಂತರೆ ನೇರ ಮುಂದಕ್ಕೆ ಇಳಿಸುವುದು, ಅಷ್ಟೆ. ಚಕ್ರ ಮುರಿಯಲಿ, ಬೇಕಾದರೆ ಎರಡು ಹಲ್ಲೂ ಮುರಿಯಲಿ. ಮೇಸ್ತ್ರಿಗೆ ಬೇಕಾಗಿದ್ದದ್ದು ಭಾವನ ಪ್ರಾಣವಲ್ಲ. ಅದೇ ಕೋಣೆ, ಅದೇ ಕುರ್ಚಿ, ಅದೇ ಮೂವರು ಬೇಕಾಗಿತ್ತು. ಹಾರುವ ಮುನ್ನ ನೋಡಿದಿರಾ ಎಂದು ಅವರು ಕೇಳಬೇಕು, ಭಾವ ಮತ್ತೊಮ್ಮೆ ಪ್ರಮಾಣ ಮಾಡಿ ಉತ್ತರ ಕೊಡಬೇಕು.

ಯೋಜನೆಗೆ ಅವನು ಮೂರು ಷರತ್ತು ಹಾಕಿಕೊಂಡ. ಭಾವ ಒಬ್ಬನೇ ಹಾರುವ ದಿನವಾಗಬೇಕು. ಸೋಮವಾರಗಳಂದು ಅವನು ಪಕ್ಕದ ಊರಿನಿಂದ ಸರ್ವೆಯವರನ್ನು ಕರೆತರಲು ಖಾಲಿ ವಿಮಾನ ಒಯ್ಯುತ್ತಿದ್ದ. ಎರಡನೆಯದು, ಶಿಷ್ಯೆ ಏಳು ಗಂಟೆಗೆ ತಪಾಸಣೆ ಮುಗಿಸಿ ಸಹಿ ಹಾಕಿದ ಮೇಲೆ, ಭಾವ ಒಂಬತ್ತಕ್ಕೆ ಹತ್ತುವ ಮುಂಚೆ, ಜೋರು ಮಳೆ ಬರಬೇಕು. ಆಗ ಅವಳ ಹಾಳೆಗೆ ಚುಕ್ಕೆಯೂ ತಗಲುವುದಿಲ್ಲ. ಅವಳು ನೋಡಿದಾಗ ನೀರಿರಲಿಲ್ಲ, ಆಮೇಲೆ ಮಳೆ ಇಳಿಸಿತು, ನೋಡಬೇಕಾದವನು ನೋಡಲಿಲ್ಲ. ಇನ್ನೊಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ತಾನೇನು ಭಾವನೇ? ಮೂರನೆಯದು, ಯಾವ ಸ್ಕ್ರೂ ತಿರುಗಿಸಬಾರದು, ಯಾವ ಪೈಪು ಮುಟ್ಟಬಾರದು. ಸವೆದ ರಬ್ಬರು ಇದ್ದೇ ಇದೆ, ಭಾವ ನೆಲ ಬಿಡುವುದೂ ಯಾವಾಗಲೂ ಎಡ ಟ್ಯಾಂಕಿನಿಂದಲೇ. ಮಳೆ ತಾನಾಗಿ ಮಾಡಬಹುದಾದ ಕೆಲಸವನ್ನು ಮಳೆಗಿಂತ ತುಸು ಧಾರಾಳವಾಗಿ ಮಾಡುವುದು, ಅಷ್ಟೇ.

ಏಳು ವಾರ ಕಾದ. ಒಂದು ಸೋಮವಾರ ಬಿಸಿಲು, ಒಂದು ಸೋಮವಾರ ಮಳೆ ಬಂದರೂ ಮುಂದಿನ ಸೀಟಿನಲ್ಲಿ ಯಾರೋ ಪ್ರಯಾಣಿಕ. ಇನ್ನೊಂದು ಸಲ ಎಲ್ಲ ಕೂಡಿಬಂತು ಎನ್ನುವಷ್ಟರಲ್ಲಿ ಶಿಷ್ಯೆ ಮಾತಾಡಲು ಬಂದು ರೆಕ್ಕೆಯ ಕೆಳಗೇ ನಿಂತಳು. ಮೇಸ್ತ್ರಿ ಬೇಸರಪಟ್ಟುಕೊಳ್ಳಲಿಲ್ಲ. ಏಪ್ರನ್ನಿನ ಒಳಜೇಬಿನಲ್ಲಿ ನೀರಿನ ಚಪ್ಪಟೆ ಕ್ಯಾನು ಇಟ್ಟುಕೊಂಡು ಬರುತ್ತಿದ್ದ, ಹಾಗೇ ತುಂಬಿದ ಕ್ಯಾನನ್ನು ವಾಪಸು ಒಯ್ಯುತ್ತಿದ್ದ.

ಎಂಟನೆಯ ಸೋಮವಾರ ಏಳೂವರೆಗೆ ಆಕಾಶ ಹರಿದುಬಿದ್ದಂತೆ ಮಳೆ ಸುರಿಯಿತು. ಅರ್ಧ ಗಂಟೆ ಹೊಡೆದು ಗಕ್ಕನೆ ನಿಂತಿತು. ಶಿಷ್ಯೆ ಹಾಳೆ ಕೊಡಲು ಆಫೀಸಿಗೆ ಹೋದಳು. ಮೇಸ್ತ್ರಿ ಬಕೆಟ್ಟು, ಬಟ್ಟೆ ಹಿಡಿದು ಎಡ ರೆಕ್ಕೆಯ ಮೇಲೆ ಮಂಡಿಯೂರಿದ. ದಿನಾ ಕಾಣುವ ದೃಶ್ಯ. ನೋಡುವವರು ಇದ್ದಿದ್ದರೂ ಎರಡನೇ ಸಲ ನೋಡುತ್ತಿರಲಿಲ್ಲ. ಒರೆಸುತ್ತ ಒರೆಸುತ್ತ ಮುಚ್ಚಳದ ಬಳಿ ಬಂದ. ತೆಗೆದ, ಸುರಿದ, ಮುಚ್ಚಿದ. ಬಟ್ಟೆ ಹಿಂಡಿ ಬಲ ರೆಕ್ಕೆಗೆ ಹೋದ. ಒಂದು ಹನಿಯೂ ಹೊರಗೆ ಚೆಲ್ಲಿರಲಿಲ್ಲ. ಅದನ್ನು ಕಂಡು ಅವನಿಗೇ ಸ್ವಲ್ಪ ಹೆಮ್ಮೆಯಾಯಿತು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಭಾವ ಬಂದ. ಶಿಳ್ಳೆ ಹಾಕುತ್ತ ಬಂದ.

"ಏನಯ್ಯಾ, ಒರೆಸಿ ಒರೆಸಿ ಬಣ್ಣಾನೇ ಕಿತ್ತುಬಿಡ್ತೀಯೇನೋ!"

ಮಾತಾಡಬಾರದೆಂದು ಮೇಸ್ತ್ರಿ ನಿರ್ಧರಿಸಿದ್ದ. ಆದರೂ ಬಾಯಿ ತಾನಾಗಿ ತೆರೆಯಿತು. "ಮಳೆ ಜೋರು ಬಂತು, ಭಾವ. ಟ್ಯಾಂಕ್ ನೋಡಿ ಹೊರಡಿ."

ಭಾವ ನಕ್ಕು ಬಾಗಿಲು ಎಳೆದ. "ನೀನು ಇಷ್ಟೊತ್ತು ಮೇಲೇ ಕೂತಿದ್ದೆಯಲ್ಲ. ನೀನು ನೋಡಿರೋದನ್ನ ನಾನೇನು ನೋಡ್ಲಿ?"

ಯಾರನ್ನೂ ನಂಬುವುದಿಲ್ಲ ಎಂದು ಪ್ರಮಾಣ ಮಾಡಿದವನು ಎಷ್ಟು ನಿಶ್ಚಿಂತೆಯಿಂದ ನಂಬುತ್ತಾನೆ! ಆ ಕೋಣೆಯಲ್ಲಿ ಇದನ್ನೇ ಹೇಳಿದ್ದರೆ ಆಗುತ್ತಿರಲಿಲ್ಲವೇ? ಮೇಸ್ತ್ರಿ ಹಿಂದೆ ಸರಿದು ನಿಂತ. ಎಂಜಿನ್ ಗುರುಗುಟ್ಟಿತು.

ವಿಮಾನ ಓಡಿತು, ನೆಲ ಬಿಟ್ಟಿತು. ತೆಂಗಿನ ಮರದ ನಾಲ್ಕರಷ್ಟು ಎತ್ತರ ಏರಿರಬೇಕು. ಮೊದಲು ಒಂದು ಕೆಮ್ಮು, ಮತ್ತೊಂದು, ಆಮೇಲೆ ಏದುಸಿರು. ಸದ್ದಿನ ಮೇಲೇ ಎಂಜಿನ್ನಿನ ಹೊಟ್ಟೆಯೊಳಗಿನದನ್ನು ಹೇಳಬಲ್ಲ ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಕಂಡ. ಇಳಿಸು, ನೇರ ಇಳಿಸು, ಮುಂದೆ ಬಯಲಿದೆ. ಕಣ್ಣು ತೆರೆದಾಗ ವಿಮಾನ ವಾಲುತ್ತಿತ್ತು. ಭಾವ ರನ್‌ವೇ ಕಡೆಗೆ ಹಿಂದಿರುಗಲು ನೋಡುತ್ತಿದ್ದ.

"ತಿರುಗಬೇಡ! ನೇರ ಹೋಗು! ನೇರ!" ಎಂದು ಮೇಸ್ತ್ರಿ ಕೂಗಿದ. ಯೋಜನೆಯಲ್ಲಿ ಇಲ್ಲದ ಕೂಗು ಅದು. ಎಡ ರೆಕ್ಕೆ ಕುಸಿಯಿತು; ಬೇಲಿಯ ಆಚೆ ತಗಡು ಮುದುಡಿದ ಸದ್ದಾಯಿತು, ಬೆಂಕಿ ಹತ್ತಲಿಲ್ಲ. ಈ ಸಲವೂ ಮೊದಲು ಓಡಿಹೋಗಿ ಬಾಗಿಲು ಕಿತ್ತವನು ಅವನೇ. ಭಾವ ಉಸಿರಾಡುತ್ತಿದ್ದ. ಸೊಂಟದಿಂದ ಕೆಳಗೆ ಅವನ ದೇಹ ಅಲುಗುತ್ತಿರಲಿಲ್ಲ, ಮುಂದೆಂದೂ ಅಲುಗಲಿಲ್ಲ.

ಆಮೇಲಿನ ಎರಡು ವಾರ ಎಲ್ಲವೂ ನಟ್ಟಿಗೆ ಬೋಲ್ಟು ಕೂತಂತೆ ಕೂತವು. ಕನ್ನಡಕದ ಅಧಿಕಾರಿಯೇ ತನಿಖೆಗೆ ಬಂದ. ಕಾರ್ಬ್ಯುರೇಟರಿನಲ್ಲಿ ನೀರು ಸಿಕ್ಕಿತು. ಸವೆದ ರಬ್ಬರು ಸಿಕ್ಕಿತು. ಆಮೇಲೆ ನೋಡೋಣ ಎಂಬ ಗೀಚು ಸಿಕ್ಕಿತು. ಶಿಷ್ಯೆಯ ಏಳು ಗಂಟೆಯ ಹಾಳೆ ಶುದ್ಧವಾಗಿತ್ತು, ಏಳೂವರೆಯ ಮಳೆ ಹವಾಮಾನದ ದಾಖಲೆಯಲ್ಲಿತ್ತು. ಮೇಸ್ತ್ರಿಯನ್ನು ಎರಡೇ ಪ್ರಶ್ನೆ ಕೇಳಿದರು. ಅವನು ಎರಡಕ್ಕೂ ನಿಜವನ್ನೇ ಹೇಳಿದ: ರೆಕ್ಕೆ ಒರೆಸುತ್ತಿದ್ದೆ, ಟ್ಯಾಂಕ್ ನೋಡಿ ಹೊರಡಿ ಎಂದೆ. ಹ್ಯಾಂಗರಿನ ಬಾಗಿಲ ಬಳಿಯಿದ್ದ ಇಬ್ಬರು ಕೆಲಸಗಾರರು ಆ ಮಾತನ್ನು ಕೇಳಿಸಿಕೊಂಡೂ ಇದ್ದರು. ಅವನ ಬಾಯಿಂದ ಜಾರಿದ ಆ ಮಾತೇ ಈಗ ಅವನ ಬೆಂಗಾವಲಾಗಿ ನಿಂತಿತು.

ಆಸ್ಪತ್ರೆಗೆ ಹೋಗಲೇಬೇಕಾಯಿತು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ ಅಕ್ಕ ಅವನನ್ನು ಕಂಡದ್ದೇ ಎದ್ದುಬಂದು ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಮೇಲೆ ಸುಳ್ಳು ಹೊರಿಸಿದ್ವಲ್ಲೋ. ನನ್ನ ಬಾಯಲ್ಲೇ ಬಂತಲ್ಲೋ ಅದು. ಒಳಗೆ ಹೋಗು, ನಿನ್ನನ್ನೇ ಕೇಳ್ತಿದ್ದಾರೆ."

ಭಾವ ಛಾವಣಿ ನೋಡುತ್ತ ಮಲಗಿದ್ದ. ಕತ್ತು ತಿರುಗಿಸಲಾಗದೆ ಕಣ್ಣು ಮಾತ್ರ ತಿರುಗಿಸಿದ. "ನೀನು ಹೇಳಿದ್ದೆ, ನೋಡಿ ಹೊರಡಿ ಅಂತ. ನಾನು ಕೇಳ್ಲಿಲ್ಲ" ಎಂದ. ಆಮೇಲೆ, "ಅಧಿಕಾರಿಗೆ ಎಲ್ಲಾ ಹೇಳ್ಬಿಟ್ಟೆ ಕಣೋ. ಹೋದ ವರ್ಷದ್ದೂ" ಎಂದ. ಶತ್ರು ಶತ್ರುವಾಗಿಯೇ ಉಳಿಯಬೇಕಿತ್ತು. ಈಗ ಒಳ್ಳೆಯವನಾಗಿ ಭಾವ ಇನ್ನೊಮ್ಮೆ ಮೋಸ ಮಾಡಿದನೆಂದು ಮೇಸ್ತ್ರಿಗೆ ಅನ್ನಿಸಿತು. ದಿಂಬು ಸರಿಮಾಡಿ ಹೊರಗೆ ಬಂದ.

ಮರುದಿನ ವಿಚಾರಣೆಯ ಕೋಣೆಗೆ ಕರೆ ಬಂತು. ಅದೇ ಕೋಣೆ, ಅದೇ ಕುರ್ಚಿ. ಕನ್ನಡಕದ ಅಧಿಕಾರಿ ಒಬ್ಬನೇ ಇದ್ದ. ಭಾವನ ಹೇಳಿಕೆಯನ್ನು ಅವನು ನಿಧಾನವಾಗಿ ಓದಿದ. ನಾನು ಯಾವತ್ತೂ ಟ್ಯಾಂಕ್ ನೋಡುತ್ತಿರಲಿಲ್ಲ, ನನ್ನ ಪಾಲಿನದನ್ನೂ ಮೈದುನನೇ ನೋಡುತ್ತಿದ್ದ. ಹಿಂದಿನ ಅಪಘಾತ ನನ್ನ ತಪ್ಪಿನಿಂದ ಆದದ್ದು, ನಟ್ಟಿನ ಕತೆ ಸುಳ್ಳು. ಅವನ ಕೆಲಸದಲ್ಲಿ ಎಂದೂ ಒಂದು ದೋಷ ಕಂಡವನಲ್ಲ. ಓದಿ ಮುಗಿಸಿ ಅಧಿಕಾರಿ ಇನ್ನೊಂದು ಕಾಗದ ಮುಂದೆ ಸರಿಸಿದ. ಸಹಿಯ ಅಧಿಕಾರ ವಾಪಸು ಕೊಟ್ಟ ಆದೇಶ. "ತಲುಪಿತು ಅಂತ ಇಲ್ಲೊಂದು ಸಹಿ ಹಾಕಿ. ನಿಮಗೆ ಅನ್ಯಾಯ ಆಯ್ತು, ನಮ್ಮಿಂದಲೂ ಆಯ್ತು."

ಮೇಸ್ತ್ರಿ ಸಹಿ ಹಾಕಿದ. ಹತ್ತು ತಿಂಗಳ ನಂತರದ ಮೊದಲ ಸಹಿ. ಕಣ್ಣು ಮಂಜಾಯಿತು, ಎದೆ ತುಂಬಿ ಬಂತು, ಅದರ ಹಿಂದೆಯೇ ಅಲುಗದ ಎರಡು ಕಾಲು ನೆನಪಾಗಿ ನಾಚಿಕೆಯೂ ಬಂತು. ಆದರೂ ಬೇಕೆಂದದ್ದೆಲ್ಲ, ಬೇಕೆಂದದ್ದಕ್ಕಿಂತ ಹೆಚ್ಚೇ, ಕೈಸೇರಿತ್ತು. ಅವನು ಎದ್ದು ನಿಂತ.

"ಒಂದು ನಿಮಿಷ, ಕೂತ್ಕೊಳ್ಳಿ" ಎಂದ ಅಧಿಕಾರಿ, ಕಡತದಿಂದ ಕೊನೆಯ ಹಾಳೆ ಎಳೆಯುತ್ತ. "ಇದು ನಮಗೆ ಅರ್ಥವಾಗ್ತಿಲ್ಲ. ಈಗ ನೀವು ಮತ್ತೆ ಮೆಕ್ಯಾನಿಕ್ ಅಲ್ವಾ, ನೀವೇ ಹೇಳಿ. ಎಂಜಿನ್ನಲ್ಲಿ ಸಿಕ್ಕ ನೀರನ್ನ ಲ್ಯಾಬಿಗೆ ಕಳಿಸೋದು ನಮ್ಮ ಪದ್ಧತಿ. ರೆಕ್ಕೆ ಮೇಲಿಂದ ಇಳಿದ ಮಳೆ ನೀರಾದ್ರೆ ಧೂಳಿರತ್ತೆ, ಹಕ್ಕಿ ಹಿಕ್ಕೆ ಇರತ್ತೆ, ಸೋಪಿನ ಜಿಡ್ಡಿರತ್ತೆ. ನಲ್ಲಿ ನೀರಾದ್ರೆ ಉಪ್ಪಿರತ್ತೆ. ಇದರಲ್ಲಿ ಏನೂ ಇಲ್ಲ. ಮಳೆ ಇಷ್ಟು ಶುದ್ಧವಾಗಿ ಬೀಳೋದಿಲ್ಲ. ಇಂಥ ನೀರು ನಿಮ್ಮ ಕ್ಲಬ್ಬಲ್ಲಿ ಎಲ್ಲಿರತ್ತೆ?"

ಆ ಬೆಳಿಗ್ಗೆ ಮಳೆನೀರು ತುಂಬಿದ ಬಕೆಟ್ಟು ಮೇಸ್ತ್ರಿಯ ಮಂಡಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅದನ್ನೇ ಎರಡು ಲೋಟ ಸುರಿದಿದ್ದರೆ ಸಾಕಿತ್ತು. ಮಳೆಯ ಹೊತ್ತು, ರಬ್ಬರಿನ ಸವೆತ, ಶಿಷ್ಯೆಯ ಹಾಳೆ, ಎಲ್ಲವನ್ನೂ ಯೋಚಿಸಿದವನು ಯಾವ ನೀರು ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ. ಇಪ್ಪತ್ತಾರು ವರ್ಷ ಆ ವಿಮಾನದೊಳಕ್ಕೆ ಒಂದು ಕಣ ಕೊಳೆ ಬೀಳದಂತೆ ಕಾಯ್ದ ಕೈ, ಅದನ್ನು ಕೆಡವಲು ಹೊರಟಾಗಲೂ ಕೊಳಕು ನೀರು ಮುಟ್ಟದೆ, ಬ್ಯಾಟರಿಗಳಿಗೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟ, ಬಟ್ಟಿ ಇಳಿಸಿದ ಶುದ್ಧ ನೀರನ್ನೇ ಕ್ಯಾನಿಗೆ ತುಂಬಿಕೊಂಡಿತ್ತು. ಸಹಿಯ ಅಧಿಕಾರ ಕಿತ್ತುಕೊಂಡವರು ಆ ಕಪಾಟಿನ ಕೀಲಿ ಕೇಳಲು ಮರೆತಿದ್ದರು. ಇಡೀ ಕ್ಲಬ್ಬಿಗೆ ಇದ್ದದ್ದು ಅದೊಂದೇ ಕೀಲಿ, ಈಗಲೂ ಅದು ಮೇಸ್ತ್ರಿಯ ಸೊಂಟದ ಗೊಂಚಲಿನಲ್ಲಿತ್ತು.